ಹಳೆಯ ಶಾಲೆ, ಮಠ, ಸಮುದಾಯ ಭವನಗಳ ದುರಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡ ಕಟ್ಟಿಸುವ, ದುರಸ್ತಿ ಮಾಡಿಸುವ ನಮ್ಮ ಕಚೇರಿ ಇರುವುದು ಬಾಗಲಕೋಟೆಯ ನವನಗರದಲ್ಲಿ. ಹಳೇ ಊರಿನ ಒಂದಷ್ಟು ಭಾಗ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಎದ್ದ ಬಡಾವಣೆ ಇದು, ಸುತ್ತಮುತ್ತ ಎಲ್ಲವೂ ಹೊಸದು. ಆದರೆ ಬಾಗಿಲು ತಟ್ಟುವವರೆಲ್ಲ ಹಳೆಯ ಕಟ್ಟಡದ ಚಿಂತೆ ಹೊತ್ತುಕೊಂಡೇ ಬರುತ್ತಾರೆ. ಮನೆ ಕಟ್ಟಿಸುವವರು ಗಂಡ ಹೆಂಡತಿ ಬಂದರೆ, ಶಾಲೆ, ಮಠ, ಸೊಸಾಯಿಟಿ, ಗ್ರಂಥಾಲಯದ ಕೆಲಸಕ್ಕೆ ಗಾಡಿ ತುಂಬ ಪಂಚರು, ಅಂದರೆ ಕಮಿಟಿಯ ಹಿರಿಯರು, ಬರುತ್ತಾರೆ, ಒಬ್ಬೊಬ್ಬರದು ಒಂದೊಂದು ಮಾತು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಯವರು ಹೆಚ್ಚುಕಡಿಮೆ ಕೇಳುವುದು ಇವನ್ನೇ. ಪ್ರಶ್ನೆಗಳನ್ನು ಅವರು ಕೇಳಿದಂತೆಯೇ ಬರೆದಿದ್ದೇವೆ.

ಬಿಲ್ಡಿಂಗ್ ಎಂಬತ್ತು ವರ್ಷದ್ದೈತ್ರಿ. ಕೆಡವಿ ಹೊಸಾದು ಕಟ್ಟೂದೋ, ರಿಪೇರಿ ಮಾಡಸೂದೋ?

ವಯಸ್ಸನ್ನು ನಾವು ಕೊನೆಗೆ ಕೇಳುತ್ತೇವೆ. ಗೋಡೆ ಯಾವುದರದ್ದು, ಛಾವಣಿ ಯಾವುದರದ್ದು, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ಎನ್ನುವುದು ಅದಕ್ಕಿಂತ ಮೊದಲು ಗೊತ್ತಾಗಬೇಕು.

ಬೀಳಗಿ ತಾಲೂಕಿನ ಒಂದು ಶಾಲೆ. ಮುಂದೆ ಎರಡು ಅಡಿ ದಪ್ಪದ ಕಲ್ಲುಗೋಡೆಯ ನಾಲ್ಕು ಕೋಣೆ, ಹಿಂದೆ ತೊಂಬತ್ತರ ದಶಕದಲ್ಲಿ ಕಟ್ಟಿದ ಸ್ಲ್ಯಾಬಿನ ಮೂರು ಕೋಣೆ. ಪಂಚರು ಕೆಡವಲು ಹೊರಟಿದ್ದು ಕಲ್ಲಿನ ಕೋಣೆಗಳನ್ನು. ನಾವು ಹಿಂದಿನ ಕೋಣೆಗೆ ಹೋಗಿ ಬೆಂಚಿನ ಮೇಲೆ ನಿಂತು ಸುತ್ತಿಗೆಯ ಹಿಡಿಯಿಂದ ಛಾವಣಿ ತಟ್ಟಿದೆವು. ಒಂದು ಕಡೆ ಟಣ್ ಎಂದಿತು, ಇನ್ನೊಂದು ಕಡೆ ಡಬ್ ಡಬ್ ಎಂದಿತು. ಡಬ್ ಎಂದಲ್ಲಿ ಅಂಗೈಯಗಲದ ಕಾಂಕ್ರೀಟಿನ ಚಕ್ಕೆ ಕಳಚಿ ಮಾಸ್ತರರ ಹಾಜರಿ ಪುಸ್ತಕದ ಮೇಲೆ ಬಿತ್ತು. ಒಳಗಿನ ಸರಳನ್ನು ಬೆರಳಿಂದ ತಿಕ್ಕಿದರೆ ಹಪ್ಪಳದಂತೆ ಪದರು ಪದರಾಗಿ ಉದುರಿತು. ಕೊನೆಗೆ ಕೆಡವಿದ್ದು ಹೊಸ ಕೋಣೆಗಳನ್ನು, ಉಳಿದದ್ದು ಹಳೆಯವು.

ಇದಕ್ಕೆ ಕಾರಣ ಇಷ್ಟೇ. ಕಾಂಕ್ರೀಟಿನೊಳಗಿನ ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ, ಉಬ್ಬಿದಾಗ ಕೆಳಗಿನ ಕಾಂಕ್ರೀಟನ್ನು ತಳ್ಳಿಬಿಡುತ್ತದೆ. ಸರಳಿನ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟು ಇರಬೇಕೆಂಬ ನಿಯಮವಿದೆ. ಸೆಂಟ್ರಿಂಗ್ ಹಲಗೆಯ ಮೇಲೆ, ಸರಳನ್ನು ಎತ್ತಿ ಹಿಡಿಯುವ ಬಿಲ್ಲೆ ಇಡದೆ ಸರಳು ಹಾಸಿದರೆ ಆ 20 ಮಿಲಿಮೀಟರ್ ಎಲ್ಲಿಂದ ಬರಬೇಕು? ಜೊತೆಗೆ ಏಪ್ರಿಲ್ ತಿಂಗಳಲ್ಲಿ ಸ್ಲ್ಯಾಬ್ ಹಾಕಿ ಮೂರೇ ದಿನ ನೀರು ಹೊಡೆದಿದ್ದರೆ ಮುಗಿಯಿತು. ಕಲ್ಲುಗೋಡೆಯಲ್ಲಿ ತುಕ್ಕು ಹಿಡಿಯಲು ಏನೂ ಇಲ್ಲ.

ಕಲ್ಲುಗೋಡೆಯೂ ಕೆಡುತ್ತದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಅಂದರೆ ಒಳಮೈ ಹೊರಮೈ ಬೇರೆಯಾಗಿ ನಡುವೆ ಉಬ್ಬಿದ್ದರೆ, ಅಷ್ಟು ಭಾಗ ಬಿಚ್ಚಿ ಕಟ್ಟಲೇಬೇಕು. ತೂಕದ ಗುಂಡು ಇಳಿಬಿಟ್ಟು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಸ್ಲ್ಯಾಬಿನ ವಿಷಯದಲ್ಲಿ ಅನುಮಾನವಿದ್ದರೆ ಕಾಂಕ್ರೀಟಿನ ಗಟ್ಟಿತನ ತಿಳಿಯಲು ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸುತ್ತೇವೆ. ಆದರೆ ಆ ಯಂತ್ರಗಳು ಹೇಳುವುದರ ಅರ್ಧದಷ್ಟನ್ನು ಸುತ್ತಿಗೆಯ ಹಿಡಿಯೇ ಹೇಳಿರುತ್ತದೆ.

ಮಾಳಗಿ ಸೋರಾಕತ್ತೈತಿ. ಈ ವರ್ಷಾನೂ ಮಣ್ಣ ಹಾಕಿಸಿದ್ರ ನಡೀತೈತಲ್ರಿ?

ಸೋರುವ ಮಾಳಿಗೆಗೆ ಮಣ್ಣು ಹಾಕಿಸುವುದು ನಮ್ಮ ಕಡೆ ಹಳೆಯ ರೂಢಿ, ಹಳೆಯ ತಪ್ಪೂ ಹೌದು. ಮಾಳಿಗೆಯೆಂದರೆ ಮಣ್ಣಿನ ಸಮತಟ್ಟು ಛಾವಣಿ: ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಚಪ್ಪಡಿ, ಆಮೇಲೆ ತಪ್ಪಲು, ಆಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣಿನ ಒಂದು ಪದರ. ಬೆಳೆಗೆ ಶತ್ರುವಾದ ಸವಳು ಮಾಳಿಗೆಗೆ ಮಿತ್ರ. ಅದರೊಳಗಿನ ಸೋಡಿಯಂ ಉಪ್ಪು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ಸಂದು ಮುಚ್ಚಿಸುತ್ತದೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ನೀರು ಇಂಗದಂತೆ ಮಾಡುವ ಗುಣವೇ ಇಲ್ಲಿ ಉಪಯೋಗಕ್ಕೆ ಬಂತು. ಇದನ್ನು ಕಂಡುಕೊಂಡವರಿಗೆ ಯಾರೂ ಪದವಿ ಕೊಟ್ಟಿರಲಿಲ್ಲ.

ತೊಂದರೆ ತೂಕದ್ದು. ಒಂದು ಅಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬು ತೂಗುವುದು ಸುಮಾರು 310 ಕಿಲೋ. ಪ್ರತಿ ವರ್ಷ ಎರಡು ಇಂಚು ಹೊಸ ಮಣ್ಣು ಹಾಕಿ ಹಳೆಯದನ್ನು ತೆಗೆಯದೇ ಬಿಟ್ಟರೆ, ಹತ್ತು ಹನ್ನೆರಡು ವರ್ಷದಲ್ಲಿ ಕೋಣೆಯ ಮೇಲೆ ಎರಡು ಸ್ಲ್ಯಾಬಿಗಿಂತ ಹೆಚ್ಚಿನ ಭಾರ ಏರಿರುತ್ತದೆ. ಅದೂ ಮಳೆಯಲ್ಲಿ ನೆನೆದರೆ ಇನ್ನಷ್ಟು. ಒಂದು ಮಠದ ಪಡಸಾಲೆಯಲ್ಲಿ ನಾವು ಅಳೆದಾಗ ಮಣ್ಣು ಎರಡೂಕಾಲು ಅಡಿ ಇತ್ತು! ತೊಲೆ ಬಾಗಿದ್ದಕ್ಕೆ ಮರವನ್ನು ಬೈಯುತ್ತಿದ್ದರು.

ನಾವು ಮಾಡಿಸುವ ಕ್ರಮ ಹೀಗೆ. ಕೆಳಗಿಂದ ಆನಿಕೆ ಕೊಟ್ಟು ಮಣ್ಣನ್ನೆಲ್ಲ ಇಳಿಸಿ, ಜಂತಿಗಳನ್ನು ಒಂದೊಂದಾಗಿ ಚುಚ್ಚಿ ನೋಡಬೇಕು. ಜಂತಿ ಕೆಡುವುದು ನಡುವೆ ಅಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಗಾಳಿ ಆಡದೆ ತೇವ ಹಿಡಿಯುವ ಜಾಗ ಅದು, ಗೆದ್ದಲಿಗೂ ಅದೇ ಬಾಗಿಲು. ಸಾಗವಾನಿಯ ತೊಲೆ ಗಟ್ಟಿ ಇದ್ದರೆ ತುದಿಗಷ್ಟೇ ಹೊಸ ಮರ ಬೆಸೆಯುತ್ತೇವೆ. ಆಮೇಲೆ ತೆಳುವಾದ ಸುಣ್ಣದ ಗಚ್ಚು, ಸರಿಯಾದ ವಾಟ (ಇಳಿಜಾರು), ನೀರು ಗೋಡೆಯಿಂದ ದೂರ ಬೀಳುವಷ್ಟು ಉದ್ದದ ದೋಣಿ. ಮೇಲೆ ತಗಡು ಹೊದಿಸುವುದೂ ಒಂದು ದಾರಿಯೇ. ಆದರೆ ತಗಡಿನ ಕಾಲುಗಳನ್ನು ಹಳೆಯ ಮಾಳಿಗೆಯ ಮೇಲೆ ನಿಲ್ಲಿಸದೆ ಗೋಡೆಯ ಮೇಲೆ ನಿಲ್ಲಿಸಿ, ಒಳಗಿನ ಮಣ್ಣನ್ನು ಅರ್ಧಕ್ಕಿಳಿಸಿ. ಮಣ್ಣು ಪೂರಾ ತೆಗೆದರೆ ತಂಪೂ ಹೋಗುತ್ತದೆ.

ಗ್ವಾಡಿ ಬಿರಕ ಬಿಟ್ಟೈತಿ, ಸಿಮೆಂಟ್ ತುಂಬಿಸಿದ್ರೂ ಮತ್ತ ಬಿಡತೈತಿ. ಯಾಕ್ರಿ?

ಎರೆ ಭೂಮಿ. ವಿಜಯಪುರ ಜಿಲ್ಲೆಯಿಂದ ಬರುವ ಹತ್ತರಲ್ಲಿ ಏಳು ಬಿರುಕಿಗೆ ಉತ್ತರ ಇಷ್ಟೇ.

ಕರಿ ಮಣ್ಣಿನೊಳಗಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಹೊಲದ ಬಿರುಕಿನಲ್ಲಿ ಕುಡುಗೋಲು ಬಿದ್ದರೆ ಸಿಗುವುದಿಲ್ಲ ಎನ್ನುವ ರೈತನೇ ಅದೇ ಹೊಲದ ಅಂಚಿಗೆ ಎರಡೂವರೆ ಅಡಿ ಪಾಯದ ಸಮುದಾಯ ಭವನ ಕಟ್ಟಿಸುತ್ತಾನೆ. ಕಟ್ಟಡದ ನಡುವಿನ ಮಣ್ಣು ನೆರಳಲ್ಲಿ ಒಂದೇ ಹದದಲ್ಲಿರುತ್ತದೆ, ಅಂಚಿನ ಮಣ್ಣು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಹಾಗಾಗಿ ಕಿಟಕಿ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು. ಅದಕ್ಕೆ ಸಿಮೆಂಟ್ ತುಂಬುವುದೆಂದರೆ ಬಾಗಿಲು ತೆರೆದು ಮುಚ್ಚುವಾಗ ಸಂದಿಗೆ ಕಲ್ಲು ತುರುಕಿದಂತೆ.

ಮೊದಲು ಮಾಡಬೇಕಾದ್ದು ಕಾಯುವುದು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಸಿಮೆಂಟ್ ಹಾಕಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ದಾಟಿಯೂ ಗಾಜು ಉಳಿದಿದ್ದರೆ ಬಿರುಕು ಸತ್ತಿದೆ, ಆಗ ತುಂಬಬಹುದು. ಪಂಚರಿಗೆ ಈ ಒಂದು ವರ್ಷದ ಮಾತು ರುಚಿಸುವುದಿಲ್ಲ. ಮಾರ್ಚ್ ಒಳಗೆ ಅನುದಾನ ಖರ್ಚಾಗಬೇಕಲ್ಲ.

ಕಾಯುವಾಗಲೇ ಖರ್ಚಿಲ್ಲದ ಕೆಲಸ ಮಾಡಿಕೊಳ್ಳಬಹುದು. ಗೋಡೆಗೆ ಅಂಟಿದ ಹೂದೋಟ ತೆಗೆಯಿರಿ. ಕೈ ತೊಳೆಯುವ ನಲ್ಲಿಯನ್ನು ಕಟ್ಟಡದ ಮೂಲೆಯಿಂದ ದೂರ ಸರಿಸಿರಿ. ಸುತ್ತ ಐದಾರು ಅಡಿ ಅಗಲಕ್ಕೆ ಹೊರವಾಟದ ಫರ್ಸಿ (ಕಲ್ಲುಹಾಸು) ಅಥವಾ ಕಾಂಕ್ರೀಟ್ ಹಾಸಿರಿ. ದೊಡ್ಡ ಮರ ತೀರ ಹತ್ತಿರವಿದ್ದರೆ ಅದು ಬೇಸಿಗೆಯಲ್ಲಿ ಪಾಯದಡಿಯ ನೀರನ್ನೂ ಹೀರುತ್ತದೆ. ಹಾಗೆಂದು ಏಕಾಏಕಿ ಕಡಿಯಬೇಡಿ, ಕಡಿದ ಮೇಲೆ ಮಣ್ಣು ಮರಳಿ ಉಬ್ಬಿ ಬೇರೆ ಬಿರುಕು ಬರುತ್ತದೆ. ಎಷ್ಟೋ ಕಡೆ ಇಷ್ಟಕ್ಕೇ ಗೋಡೆ ಶಾಂತವಾಗುತ್ತದೆ.

ಹೊಸದಾಗಿ ಕಟ್ಟುವುದಿದ್ದರೆ ಗರಸು, ಅಂದರೆ ಕೆಳಗಿನ ಗಟ್ಟಿ ಪದರ, ಸಿಗುವವರೆಗೆ ಅಗೆಯಿರಿ. ಗರಸು ತೀರ ಆಳವಿದ್ದರೆ ಅಂಡರ್ ರೀಮ್ಡ್ ಪೈಲ್. ನೆಲದೊಳಗೆ ಕನಿಷ್ಠ ಮೂರೂವರೆ ಮೀಟರ್ ಇಳಿದು, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಬಿಡುವ ಕಾಂಕ್ರೀಟ್ ಕಂಬವದು. ಮಣ್ಣು ಮೇಲೆ ಕುಣಿದರೂ ಗಡ್ಡೆ ಕೆಳಗೆ ಹಿಡಿದಿರುತ್ತದೆ.

ಕಲ್ಲಿನ ಗ್ವಾಡಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ರ ಗಟ್ಟಿ ಅಲ್ಲೇನ್ರಿ?

ಗಟ್ಟಿ ಹೌದು, ಅದೇ ತೊಂದರೆ. ಹಳೆಯ ಕಲ್ಲುಗೋಡೆ ನೆಲದಿಂದ ತೇವ ಎಳೆದು ಮೈಯಿಂದ ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟಿನ ಪದರ ದಾರಿ ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ತೇವ ಇನ್ನೂ ಮೇಲಕ್ಕೇರುತ್ತದೆ, ಉಪ್ಪು ಹರಳುಗಟ್ಟಿ ಕಲ್ಲಿನ ಮೈಯನ್ನೇ ಕೊರೆಯುತ್ತದೆ. ಬಾದಾಮಿ, ಗುಳೇದಗುಡ್ಡದ ಕಡೆಯ ಕೆಂಪು ಮರಳುಗಲ್ಲಿಗೆ ಇದು ಬೇಗ ತಾಗುತ್ತದೆ. ಪ್ಲಾಸ್ಟರ್ ಕಿತ್ತಾಗ ಕಲ್ಲಿನ ಒಂದು ಪದರವೂ ಕೂಡಿಯೇ ಬರುತ್ತದೆ. ವಿಜಯಪುರದ ಕರಿಗಲ್ಲು ತಡೆದುಕೊಳ್ಳುತ್ತದೆ, ಅಲ್ಲಿ ಸಂದಿನ ಗಾರೆ ಸಾಯುತ್ತದೆ.

ತಮಾಷೆಯೆಂದರೆ ಲೋಕಾಪುರ, ಮುಧೋಳದ ಸುತ್ತ ಸುಣ್ಣಗಲ್ಲಿನ ಮೇಲೇ ನಾವು ಕೂತಿದ್ದೇವೆ, ಆದರೆ ಸುಣ್ಣದ ಕೆಲಸ ಬಲ್ಲ ಗೌಂಡಿ ಹುಡುಕಲು ನಾಲ್ಕು ಊರು ತಿರುಗಬೇಕು. ನಮ್ಮ ಜೊತೆಗಿರುವ ಹಿರಿಯ ಗೌಂಡಿಯೊಬ್ಬರು ಸುಣ್ಣವನ್ನು ಪುಸ್ತಕ ನೋಡಿ ಅಳೆಯುವವರಲ್ಲ. ಗುಂಡಿಯಲ್ಲಿ ವಾರಗಟ್ಟಲೆ ನೆನೆದ ಸುಣ್ಣವನ್ನು ಕರಣೆಯ ಮೇಲೆ ತೆಗೆದು ಓರೆ ಹಿಡಿಯುತ್ತಾರೆ. ಎಮ್ಮೆ ಮೊಸರಿನ ಹಾಗೆ ಕೂಡಿಕೊಂಡು ನಿಧಾನಕ್ಕೆ ಜಾರಿದರೆ ಸರಿ. ಆಮೇಲೆ ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಾರೆ, ಒಂದು ಹರಳು ಸಿಕ್ಕರೂ 'ಇನ್ನ ಹಣ್ಣಾಗಿಲ್ಲ' ಎಂದು ಮುಚ್ಚಿಬಿಡುತ್ತಾರೆ. ನೀರಲ್ಲಿ ಅರಳದೆ ಉಳಿದ ಆ ಹರಳು ಗೋಡೆಗೆ ಹೋದ ಮೇಲೆ ತೇವ ಕುಡಿದು ಅರಳಿ, ಗಾರೆಯಲ್ಲಿ ಸಿಡುಬಿನ ಕಲೆಯಂಥ ಗುಳಿ ಎಬ್ಬಿಸುತ್ತದೆ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಸುಕು, ತೇವದ ಜಾಗಕ್ಕೆ ಸ್ವಲ್ಪ ಇಟ್ಟಿಗೆ ಪುಡಿ, ಬೆಲ್ಲ ಅಳಲೆಕಾಯಿಯ ಕಷಾಯ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ, ಅದಕ್ಕೆ ತಿಂಗಳುಗಳೇ ಬೇಕು. ಜಾತ್ರೆಗೆ ಹದಿನೈದು ದಿನ ಇರುವಾಗ ಬಂದು ಸುಣ್ಣದ ಕೆಲಸ ಕೇಳಬೇಡಿ.

ಆಯಿಲ್ ಪೇಂಟ್?

ಕಲ್ಲಿಗೆ ಬೇಡ. ಕಂಬಕ್ಕೂ ಬೇಡ, ನಂದಿಗೂ ಬೇಡ.

ಹೊಳಿ ನೀರು ಹೊಕ್ಕ ಕಟ್ಟಡ ಇನ್ನ ಉಪಯೋಗಕ್ಕ ಬರತೈತೇನ್ರಿ?

2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಉಕ್ಕಿದ ಮೇಲೆ ಈ ಪ್ರಶ್ನೆ ಬಹಳ ಬಂತು. ಕಲ್ಲಿನ ನಡುವೆ ಮಣ್ಣಿನ ಕೆಸರು ಹಾಕಿ ಕಟ್ಟಿದ ಗೋಡೆ ಹೊರಗಿಂದ ನೆಟ್ಟಗೆ ಕಂಡರೂ ಒಳಗಿನ ಮಣ್ಣು ತೊಳೆದುಹೋಗಿರಬಹುದು. ಸಂದಿಯಲ್ಲಿ ಕಬ್ಬಿಣದ ಸಲಾಕೆ ಸಲೀಸಾಗಿ ಒಳಗೆ ಹೋದರೆ ಹಾಗೆಂದೇ ಅರ್ಥ. ಕೆಳಗಿಂದ ಮೇಲಕ್ಕೆ ಹಂತ ಹಂತವಾಗಿ ಸುಣ್ಣದ ತಿಳಿ ಹುಯ್ದು ತುಂಬಿಸಬಹುದು. ಗೋಡೆ ಪೂರ್ತಿ ಒಣಗುವ ಮೊದಲು ಗಿಲಾವು (ಪ್ಲಾಸ್ಟರ್) ಮಾಡಿದರೆ ಮುಂದಿನ ವರ್ಷ ಅದೇ ಕೆಲಸ ಮತ್ತೆ ಮಾಡಿಸುತ್ತೀರಿ.

ನಮ್ಮ ಸಂಸ್ಥಾ ಗುಮ್ಮಟದ ಹಂತ್ಯಾಕ ಐತ್ರಿ. ಒಂದ ಕಲ್ಲೂ ಮುಟ್ಟಂಗಿಲ್ಲ ಅಂತಾರ, ಖರೇನ?

ಅರ್ಧ ಖರೆ. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯಿದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗುಮ್ಮಟದ ಗೋಡೆಯಿಂದಲ್ಲ, ಸಂರಕ್ಷಿತ ಆವರಣದ ಎಲ್ಲೆಯಿಂದ. ಇಲ್ಲೇ ಬಹಳ ಜನ ಎಡವುತ್ತಾರೆ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡವಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡದ ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಅಂದರೆ ಕಟ್ಟಡ ಆಗಲೇ ಇತ್ತೆಂದು ತೋರಿಸುವ ಕಾಗದ ಬೇಕು: ಹಳೆಯ ತೆರಿಗೆ ರಸೀದಿ, ಉತಾರ (ಆಸ್ತಿಯ ದಾಖಲೆ), ವಿದ್ಯುತ್ ಬಿಲ್ಲು, ಶಾಲೆಯಾದರೆ ಹಳೆಯ ದಾಖಲಾತಿ ಪುಸ್ತಕ.

ವಿಜಯಪುರದಲ್ಲಿ ಸ್ಮಾರಕಗಳು ಊರೆಲ್ಲ ಹರಡಿವೆ. ಗೋಳಗುಮ್ಮಟ ದೂರವಿದೆ ಎಂದು ನೆಮ್ಮದಿಯಿಂದಿದ್ದವರ ಓಣಿಯಲ್ಲೇ ಇನ್ನೊಂದು ಸಣ್ಣ ಸಂರಕ್ಷಿತ ಮಸೀದಿ, ಬಾವಡಿ (ಮೆಟ್ಟಿಲ ಬಾವಿ) ಇರುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲೂ ಇದೇ ಪರಿಸ್ಥಿತಿ. ನಕ್ಷೆ ಹಾಕಿಸುವ ಮೊದಲು ಸರ್ವೇ ನಂಬರ್ ಹಿಡಿದು ವಿಚಾರಿಸಿ.

ಪಾಯಾ ತೋಡುವಾಗ ಶಾಸನದ ಕಲ್ಲು ಸಿಕ್ಕರ?

ಕೆಲಸ ನಿಲ್ಲಿಸಿ, ಇದ್ದಲ್ಲೇ ಫೋಟೋ ತೆಗೆದು, ತಹಶೀಲ್ದಾರರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿ. ಕಬ್ಬಿಣದ ಬ್ರಷ್ಷಿನಿಂದ ತಿಕ್ಕಬೇಡಿ. ನಾಣ್ಯ, ಒಡವೆಯಂಥದು ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯಿದೆ ಇದೆ. ಸಿಕ್ಕದ್ದನ್ನು ಸರ್ಕಾರಕ್ಕೆ ತಿಳಿಸಬೇಕೆನ್ನುತ್ತದೆ ಅದು.

ಸಮುದಾಯ ಭವನದಾಗ ಮೈಕ್ ಹಚ್ಚಿದ್ರೂ ಮಾತ ತಿಳಿಯೂದಿಲ್ರಿ. ಇನ್ನೊಂದ ಎರಡ ಸ್ಪೀಕರ್ ಹಾಕಿಸೂಣೇನ?

ಬೇಡ, ಇನ್ನೂ ಕೆಡುತ್ತದೆ. ಗೋಳಗುಮ್ಮಟದಲ್ಲಿ ಟಿಕೆಟ್ ಕೊಟ್ಟು ಕೇಳುವ ಪ್ರತಿಧ್ವನಿ ನಿಮ್ಮ ಭವನದಲ್ಲಿ ಪುಕ್ಕಟೆ ಸಿಗುತ್ತಿದೆ ಅಷ್ಟೇ. ಅಲ್ಲಿ 44 ಮೀಟರ್ ಹೊರವ್ಯಾಸದ ಗುಮ್ಮಟದ ಒಳಮೈ ನುಣುಪು, ಗಟ್ಟಿ, ಬಾಗಿದ್ದು. ಸದ್ದು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ನಿಮ್ಮಲ್ಲಿ ನೆಲಕ್ಕೆ ಟೈಲ್ಸ್, ಗೋಡೆಗೆ ಎದೆಮಟ್ಟ ಟೈಲ್ಸ್, ಮೇಲೆ ತಗಡು. ಮದುವೆಯ ದಿನ ಜನ ತುಂಬಿದಾಗ ಸ್ವಲ್ಪ ಸುಧಾರಿಸುತ್ತದೆ, ಗ್ರಾಮಸಭೆಗೆ ಮೂವತ್ತು ಮಂದಿ ಬಂದಾಗ ಒಂದು ಮಾತಿನ ಬಾಲ ಇನ್ನೊಂದರ ತಲೆಗೆ ಸುತ್ತಿಕೊಳ್ಳುತ್ತದೆ.

ವೇದಿಕೆಗೆ ಎದುರಾದ ಹಿಂಗೋಡೆಯಿಂದ ಶುರುಮಾಡಿ. ಒಂದು ಕಡೆ ನಾವು ಕುರುಬರ ಕರಿ ಕಂಬಳಿಗಳನ್ನು ಮರದ ಚೌಕಟ್ಟಿಗೆ ಬಿಗಿದು, ಗೋಡೆಯಿಂದ ಎರಡು ಇಂಚು ಬಿಟ್ಟು ತೂಗುಹಾಕಿಸಿದೆವು. ಹಿಂದಿನ ಆ ಖಾಲಿ ಜಾಗದಿಂದ ದಪ್ಪ ದನಿಯೂ ಒಂದಿಷ್ಟು ಹೀರಿಕೊಳ್ಳುತ್ತದೆ. ತಗಡಿನ ಕೆಳಗೆ ರಂಧ್ರಗಳಿರುವ ಹಲಗೆಯ ಚಾವಣಿ ಹಾಕಿಸಿದರೆ ಮಳೆಯ ಸದ್ದೂ ಕಡಿಮೆ, ಶೆಕೆಯೂ ಕಡಿಮೆ. ಸ್ಪೀಕರ್ ವಿಚಾರ ಆಮೇಲೆ.

ಬ್ಯಾಸಗಿಯಾಗ ಸಾಲಿ ಕೋಣ್ಯಾಗ ಕುಂದ್ರಾಕ ಆಗೂದಿಲ್ರಿ.

ಸಿಮೆಂಟ್ ತುಂಬಿ ಮುಚ್ಚಿದ ಬೆಳಕಿಂಡಿಗಳನ್ನು ಮತ್ತೆ ತೆರೆಯಿರಿ. ಬಿಸಿ ಗಾಳಿ ಹೊರಹೋಗುವ ದಾರಿ ಅದೇ ಆಗಿತ್ತು. ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ ಬಳಿಯಿರಿ, ಪ್ರತಿ ಮಾರ್ಚಿನಲ್ಲಿ. ಪಶ್ಚಿಮದ ಗೋಡೆಗೆ ನೆರಳು ಬರುವಂತೆ ಬೇವು ನೆಡಿ, ಪಾಯದಿಂದ ದೂರಕ್ಕೆ.

ಖಾನಾಪುರದಾಗೂ ಇದ ಪದ್ಧತಿ ನಡೀತೈತೇನ್ರಿ?

ಇಲ್ಲ. ಬೆಳಗಾವಿ ಒಂದೇ ಜಿಲ್ಲೆಯಾದರೂ ಪಶ್ಚಿಮಕ್ಕೆ ಖಾನಾಪುರದ ಕಾಡುಮಳೆ, ಪೂರ್ವಕ್ಕೆ ಅಥಣಿ, ರಾಮದುರ್ಗದ ಒಣಹವೆ. ಖಾನಾಪುರದಲ್ಲಿ ಮಾಳಿಗೆಯ ಮಾತೇ ಬೇಡ. ಇಳಿಜಾರಿನ ಹಂಚು, ಗೋಡೆ ದಾಟಿ ಮೂರಡಿ ಹೊರಚಾಚಿದ ಸೂರು. ಹಂಚಿನ ಕೆಳಗಿನ ರೀಪು ಕೊಳೆತಿರುವುದೇ ಅಲ್ಲಿ ಹೆಚ್ಚು. ಹಂಚನ್ನು ಎಸೆಯದೆ ಇಳಿಸಿ ತೊಳೆದು ಮತ್ತೆ ಹೊದಿಸಿ.

ಗೌಡರ ಕಾಲದ ಎತ್ತರ ಕಟ್ಟಿ ಐತಿ. ರ‍್ಯಾಂಪ್ ಎಲ್ಲಿ ಕೂರಸೂದು?

ಲೆಕ್ಕ ಮೊದಲು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮೂರು ಅಡಿ ಕಟ್ಟೆಗೆ 36 ಅಡಿ, ನಡುವೆ ನಿಲ್ಲಲು ಒಂದು ಸಮತಟ್ಟು, ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ. ಗುತ್ತಿಗೆದಾರರು ಹತ್ತು ಅಡಿಯಲ್ಲಿ ಮುಗಿಸಿ ಫೋಟೋ ತೆಗೆದು ಬಿಲ್ಲು ಪಾಸು ಮಾಡಿಸಿಕೊಂಡ ರ‍್ಯಾಂಪುಗಳು ಎಷ್ಟೋ ಇವೆ. ಅವುಗಳ ಮೇಲೆ ಗಾಲಿಕುರ್ಚಿಯಲ್ಲ, ಬೈಕು ಹತ್ತುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಎದುರಿಗೆ ಜಾಗವಿಲ್ಲದಿದ್ದರೆ ಪಕ್ಕದ ಗೋಡೆಯುದ್ದಕ್ಕೂ ಹಾಯಿಸಿ ಪಡಸಾಲೆಗೆ ಸೇರಿಸಬಹುದು, ಕಟ್ಟೆಯ ಚಂದವೂ ಉಳಿಯುತ್ತದೆ. ಹೊಳೆಯುವ ಟೈಲ್ಸ್ ಮಾತ್ರ ಹಾಕಬೇಡಿ. ಒರಟು ಮೈಯ ಫರ್ಸಿಯೇ ಸಾಕು.

ನಮ್ಮ ಕಡೆ ಭೂಕಂಪ ಆಗೂದಿಲ್ಲಲ್ರಿ?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯವರೂ ಹಾಗೇ ತಿಳಿದು ಮಲಗಿದ್ದರು. ಅಲ್ಲಿ ಕುಸಿದದ್ದು ನಮ್ಮಲ್ಲಿರುವಂಥವೇ: ಮಣ್ಣಿನಲ್ಲಿ ಕಟ್ಟಿದ ಗುಂಡುಗಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ದುರಸ್ತಿಗೆ ಹೇಗೂ ಕೈ ಹಾಕಿದ್ದೀರಿ, ಮಾಳಿಗೆಯ ಭಾರ ಇಳಿಸಿ, ಗೋಡೆಯ ಎರಡೂ ಮೈ ಹಿಡಿದು ನಿಲ್ಲುವಂತೆ ಅಲ್ಲಲ್ಲಿ ಪೂರ್ತಿ ಅಗಲದ ಕಲ್ಲು ಕೂರಿಸಿ, ಗೋಡೆಗಳ ತಲೆಯ ಮೇಲೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿ.

ವಾಸ್ತು ನೋಡ್ತೀರೇನ್ರಿ?

ಪಂಚರಲ್ಲಿ ಇಬ್ಬರು ನೋಡಬೇಕೆನ್ನುತ್ತಾರೆ, ಮೂವರು ಬೇಡವೆನ್ನುತ್ತಾರೆ. ನಿಮ್ಮೊಳಗೆ ತೀರ್ಮಾನ ಮಾಡಿಕೊಂಡು ಬನ್ನಿ. ಭಾರ ಹೊತ್ತ ಗೋಡೆಯಲ್ಲಿ ಬಾಗಿಲು ಕೊರೆಯುವುದನ್ನು ಮಾತ್ರ ಯಾವ ದಿಕ್ಕಿಗೂ ಒಪ್ಪುವುದಿಲ್ಲ.

ರೊಕ್ಕ ಒಮ್ಮೆಲೇ ಇಲ್ಲ. ಯಾವ ಕೆಲಸ ಮೊದಲ?

ಛಾವಣಿ ಮತ್ತು ನೀರಿನ ದಾರಿ ಮೊದಲ ವರ್ಷ. ಗೋಡೆ, ತೊಲೆ ಎರಡನೇ ವರ್ಷ. ವೈರಿಂಗ್, ಶೌಚಾಲಯ ಅದರ ನಂತರ. ಬಣ್ಣ ಕೊನೆಗೆ. ನಾವು ಕಂಡಂತೆ ಬಹಳ ಕಮಿಟಿಗಳು ಮೊದಲು ಕಟ್ಟಿಸುವುದು ದಾನಿಗಳ ಹೆಸರಿನ ಸ್ವಾಗತ ಕಮಾನು. ಕಮಾನಿನ ಹಿಂದೆ ಗ್ರಂಥಾಲಯ ಸೋರುತ್ತಿರುತ್ತದೆ. ದಾನಿಗಳ ಹೆಸರನ್ನು ಒಳಗಿನ ಗೋಡೆಯಲ್ಲೇ ಕಲ್ಲಿನಲ್ಲಿ ಕೊರೆಸೋಣ ಎಂದರೆ ಬಹುತೇಕ ಒಪ್ಪುತ್ತಾರೆ. ಕೇಳಿಯೇ ಇರುವುದಿಲ್ಲ ಅಷ್ಟೇ.

ಸಂಸದರ ನಿಧಿ ವರ್ಷಕ್ಕೆ ಐದು ಕೋಟಿ, ಅದರಲ್ಲಿ ಶಾಲೆ, ಗ್ರಂಥಾಲಯ, ಸಮುದಾಯ ಭವನ ಬರುತ್ತವೆ. ಪೂಜಾಸ್ಥಳದ ಕೆಲಸ ಬರುವುದಿಲ್ಲ. ಮಠದವರು ಗುಡಿಯ ಕೆಲಸ ಮತ್ತು ಶಾಲೆಯ ಕೆಲಸಕ್ಕೆ ಬೇರೆ ಬೇರೆ ಎಸ್ಟಿಮೇಟ್ ಮಾಡಿಸಿಕೊಳ್ಳಿ. ಯಾವ ಎಸ್ಟಿಮೇಟೇ ಆಗಲಿ, ಹಳೆಯ ಕಟ್ಟಡವಾದರೆ ನೂರಕ್ಕೆ ಹದಿನೈದು ಹೆಚ್ಚು ಇಟ್ಟುಕೊಳ್ಳಿ. ಗಿಲಾವು ಕಿತ್ತ ಮೇಲೆ ಗೋಡೆ ಏನು ತೋರಿಸುತ್ತದೋ ಅದು ನಮಗೂ ಅಚ್ಚರಿಯೇ.

ನೀವು ನೋಡಾಕ ಬರುವಾಗ ನಾವೇನ ತಯಾರಿ ಇಡಬೇಕ್ರಿ?

ಉತಾರ, ಹಳೆಯ ನಕ್ಷೆ ಇದ್ದರೆ ಅದು, ಮಳೆಗಾಲದಲ್ಲಿ ಸೋರುವಾಗ ತೆಗೆದ ಮೊಬೈಲ್ ಫೋಟೋಗಳು. ಆ ಕಟ್ಟಡದಲ್ಲಿ ಕೆಲಸ ಮಾಡಿದ ಹಳೆಯ ಗೌಂಡಿ ಅಥವಾ ನಿವೃತ್ತ ಮಾಸ್ತರರು ಊರಲ್ಲಿದ್ದರೆ ಅವರನ್ನು ಕರೆಸಿ. ಎಲ್ಲಿ ಬಾವಿ ಮುಚ್ಚಿದ್ದರು, ಎಲ್ಲಿ ಹಗೇವು (ಕಾಳು ಕೂಡಿಡುವ ನೆಲಗುಂಡಿ) ಇತ್ತು ಎಂದು ಗೊತ್ತಿರುವುದು ಅವರಿಗೇ. ಮುಚ್ಚಿದ ಹಗೇವಿನ ಮೇಲೆ ಕಂಬ ನಿಲ್ಲಿಸಿ ಪಶ್ಚಾತ್ತಾಪ ಪಟ್ಟ ಅನುಭವ ನಮಗೇ ಇದೆ.

ಒಂದು ಉದ್ದನೆಯ ನಿಚ್ಚಣಿಕೆ ಇರಲಿ. ಎಲ್ಲ ಕೋಣೆಗಳ ಕೀಲಿಕೈಯೂ ಇರಲಿ. ಕಳೆದ ಸಲ ಇಂಡಿ ತಾಲೂಕಿಗೆ ಹೋದಾಗ ಸೋರುತ್ತಿದ್ದ ಒಂದೇ ಕೋಣೆಯ ಕೀಲಿ ಸಿಪಾಯಿಯ ಕಿಸೆಯಲ್ಲಿತ್ತು, ಸಿಪಾಯಿ ಸಂತೆಗೆ ಹೋಗಿದ್ದ.